ಹಿರೇಬೆಣಕಲ್ಲಿನಲ್ಲಿ ಕಂಡ ನಮ್ಮ ಹೊಲ

ಶ್ರೀಮಠದ ವಿದ್ಯಾಸಂಸ್ಥೆಯ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ, ಹಳೆಯ ವಿದ್ಯಾರ್ಥಿಯಾದ ನಾನು ಪ್ರಸಾದ ನಿಲಯದ ದಿನಗಳನ್ನೋ ಗುರುಗಳ ವಾತ್ಸಲ್ಯವನ್ನೋ ಕುರಿತು ಬರೆಯಬಹುದಾಗಿತ್ತು. ಆ ಋಣ ಬರೆದು ತೀರುವಂಥದಲ್ಲ. ಆದರೆ ಕಳೆದ ಚಳಿಗಾಲದಲ್ಲಿ ಕೆಲವರು ಅಧ್ಯಾಪಕ ಮಿತ್ರರೊಡನೆ ಹಿರೇಬೆಣಕಲ್ಲಿನ ಬೆಟ್ಟವನ್ನೇರಿ ಬಂದ ಮೇಲೆ, ಅರವತ್ತು ವರ್ಷಗಳಿಂದ ಯಾರ ಮುಂದೆಯೂ ಆಡದೆ ಉಳಿದಿದ್ದ ಸಂಗತಿಯೊಂದು ನನ್ನನ್ನು ಕಾಡತೊಡಗಿದೆ. ಅದನ್ನು ನಿವೇದಿಸಿಕೊಳ್ಳಲು ನನಗೆ ಅಕ್ಷರ ಕಲಿಸಿದ ಶಾಲೆಯ ಪುಟಗಳಿಗಿಂತ ತಕ್ಕ ಸ್ಥಳ ಬೇರೊಂದಿಲ್ಲ.

ಮಾನ್ವಿಯಿಂದ ಸಿಂಧನೂರು, ಕಾರಟಗಿ, ಗಂಗಾವತಿ ಮಾರ್ಗವಾಗಿ ಹೊರಟೆವು. ದಾರಿಯುದ್ದಕ್ಕೂ ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಹಸಿರಾದ ಭತ್ತದ ಗದ್ದೆಗಳು. ಗಂಗಾವತಿಯನ್ನು ದಾಟಿ ಕೊಪ್ಪಳದ ಕಡೆಗೆ ಸ್ವಲ್ಪ ದೂರ ಸಾಗಿದರೆ ಹಿರೇಬೆಣಕಲ್ ಗ್ರಾಮ ಸಿಗುತ್ತದೆ. 1997ರಲ್ಲಿ ಕೊಪ್ಪಳ ಜಿಲ್ಲೆ ಪ್ರತ್ಯೇಕವಾಗುವವರೆಗೆ ಇದು ನಮ್ಮ ರಾಯಚೂರು ಜಿಲ್ಲೆಯದೇ ಊರು. ಊರಿನ ಹಿಂದಿನ ಬೆಟ್ಟಕ್ಕೆ ಬಂಡೆಗಳ ನಡುವಿನ ಕಾಲುದಾರಿಯೇ ಗತಿ. ಎಪ್ಪತ್ತೈದರ ಈ ವಯಸ್ಸಿನಲ್ಲಿ ಕೋಲೂರಿ, ಅಲ್ಲಲ್ಲಿ ಕುಳಿತು ದಣಿವಾರಿಸಿಕೊಂಡು ಏರಬೇಕಾಯಿತು. ನಡುದಾರಿಯ ಕಲ್ಲಾಸರೆಗಳಲ್ಲಿ ಕೆಮ್ಮಣ್ಣಿನ ಬಣ್ಣದಿಂದ ಬರೆದ ಚಿತ್ರಗಳಿವೆ: ಆಯುಧ ಹಿಡಿದ ಮನುಷ್ಯರು, ಜಿಂಕೆಗಳು, ಕುದುರೆಗಳು. ಬಿಸಿಲು ಮಳೆ ತಾಗದ ಕಡೆಗಳಲ್ಲಿ ಬಣ್ಣ ಇನ್ನೂ ಮಾಸಿಲ್ಲ.

ಮೇಲೇರಿದ ಮೇಲೆ ಕಂಡ ನೋಟವನ್ನು ಹೇಗೆ ವರ್ಣಿಸಲಿ! ಅದೊಂದು ಊರೇ ಸರಿ. ಕಲ್ಲುಚಪ್ಪಡಿಗಳನ್ನು ಗೋಡೆಯಂತೆ ನಿಲ್ಲಿಸಿ, ಮೇಲೊಂದು ಚಪ್ಪಡಿಯನ್ನು ಮಾಳಿಗೆಯಂತೆ ಹೊದಿಸಿದ ಮನೆಗಳು ಸಾಲುಸಾಲಾಗಿ ನಿಂತಿವೆ. ಕೆಲವು ಮೊಣಕಾಲೆತ್ತರದವು, ಕೆಲವು ಆಳೆತ್ತರವನ್ನು ಮೀರಿದವು. ಎಷ್ಟೋ ಮನೆಗಳ ಒಂದು ಮಗ್ಗುಲಿನ ಚಪ್ಪಡಿಯಲ್ಲಿ ಗುಂಡಗೆ ಕೊರೆದ ಕಿಂಡಿಯಿದೆ. ನಡುವೆ ಒಂದು ಕೊಳ. ಮನೆಗಳಿಗೆ ಬೇಕಾದ ಕಲ್ಲನ್ನು ಎಬ್ಬಿಸಿದ ಜಾಗವೇ ನೀರು ನಿಂತು ಕೊಳವಾಯಿತೆಂದು ಬಲ್ಲವರು ಹೇಳುತ್ತಾರೆ. ಸುಮಾರು 400 ರಚನೆಗಳು ಇಲ್ಲಿವೆ. ಕ್ರಿಸ್ತಪೂರ್ವ 800ರಿಂದ 200ರವರೆಗಿನ ಅವಧಿಯವು ಎಂಬುದು ವಿದ್ವಾಂಸರ ಎಣಿಕೆ. ಎಲ್ಲವೂ ಹೂಳಿದ ಗೋರಿಗಳಲ್ಲ, ಹಲವು ಸತ್ತವರ ನೆನಪಿಗಾಗಿ ನಿಲ್ಲಿಸಿದವು ಎಂದೂ ಅವರು ಅಭಿಪ್ರಾಯಪಡುತ್ತಾರೆ. ಸಮೀಪದ ಎತ್ತರದ ಬಂಡೆಯೊಂದರ ಮೇಲೆ ಅರ್ಧಗೋಳಾಕಾರದ ದೊಡ್ಡ ಕಲ್ಲೊಂದಿದೆ. ಬಡಿದರೆ ನಗಾರಿಯಂತೆ ಬಹುದೂರ ಕೇಳಿಸುತ್ತದೆ. 2021ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಈ ಸ್ಥಳ ಸೇರಿದ್ದು ನಮ್ಮ ಭಾಗಕ್ಕೆ ಹೆಮ್ಮೆಯ ವಿಷಯ.

ನಮ್ಮ ಹಿರಿಯರು ಇವನ್ನು ಮೋರ್ಯರ ಮನೆಗಳೆನ್ನುತ್ತಿದ್ದರು. ಮೋರ್ಯರೆಂದರೆ ಗಿಡ್ಡದೇಹದವರು, ಆದರೆ ಬಲಶಾಲಿಗಳು; ಬೆಂಕಿಯ ಮಳೆಯಾದೀತೆಂದು ಹೆದರಿ ಕಲ್ಲಿನ ಮನೆ ಕಟ್ಟಿಕೊಂಡರು ಎಂಬ ಕಥೆಯನ್ನು ಬಾಲ್ಯದಲ್ಲಿ ಕೇಳದವರು ನಮ್ಮಲ್ಲಿ ವಿರಳ. ಕೃಷ್ಣಾ ತುಂಗಭದ್ರೆಗಳ ನಡುವಿನ ನಮ್ಮ ದೋಆಬು, ಅದರಾಚೆಯ ಸುರಪುರ ಸೀಮೆ ಇಂಥ ನೆಲೆಗಳಿಂದ ತುಂಬಿದೆ. ಸುರಪುರ ಸಂಸ್ಥಾನದಲ್ಲಿ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್ 19ನೆಯ ಶತಮಾನದ ನಡುಭಾಗದಲ್ಲೇ ರಾಜನಕೋಳೂರು, ಜೇವರ್ಗಿಗಳ ಇಂಥ ಗೋರಿಗಳನ್ನು ಪರಿಶೀಲಿಸಿ ಬರೆದನು. ಮಸ್ಕಿಯನ್ನು ನಾವೆಲ್ಲರೂ 1915ರಲ್ಲಿ ಬೆಳಕಿಗೆ ಬಂದ, ‘ಅಶೋಕ’ ಎಂಬ ಹೆಸರನ್ನೇ ಹೊತ್ತ ಶಾಸನದಿಂದ ಬಲ್ಲೆವು. ಅದೇ ಮಸ್ಕಿಯಲ್ಲಿ 1954ರಲ್ಲಿ ಬಿ. ಕೆ. ಥಾಪರ್ ಅವರು ಉತ್ಖನನ ನಡೆಸಿದಾಗ ಬೃಹತ್ ಶಿಲಾ ಸಂಸ್ಕೃತಿಯ ಸಮಾಧಿಗಳೂ ದೊರೆತವು.

ಮಿತ್ರರು ಕೊಳದ ಬದಿಯಲ್ಲಿ ಬುತ್ತಿ ಬಿಚ್ಚಿ ಕುಳಿತರು. ನಾನು ಮಾತ್ರ ಒಂದು ಕಡೆ ನೆಲದಲ್ಲಿ ಅರ್ಧ ಹುಗಿದ ಗುಂಡುಗಲ್ಲುಗಳ ಸುತ್ತಿನೆದುರು ನಿಂತೇ ಇದ್ದೆ. ಆ ಸುತ್ತು ನನಗೆ ಹೊಸದಾಗಿರಲಿಲ್ಲ.

ಮಾನ್ವಿ ತಾಲೂಕಿನ ನಮ್ಮ ಊರಿನ ಎರೆಹೊಲದ ಮೂಡಣ ಮೂಲೆಯಲ್ಲಿ ಇಂಥದೇ ಒಂದು ಸುತ್ತು ಇತ್ತು. ಹದಿನೈದಿಪ್ಪತ್ತು ಗುಂಡುಗಲ್ಲುಗಳು, ನಡುವೆ ಸ್ವಲ್ಪ ಉಬ್ಬಿದ ನೆಲ. ನಮ್ಮ ತಾತನವರು ಅದರೊಳಗೆ ಒಮ್ಮೆಯೂ ಕುಂಟೆ ಹಾಯಿಸಲಿಲ್ಲ. ಎತ್ತುಗಳು ತಾವಾಗಿಯೇ ಅದನ್ನು ಬಳಸಿ ನಡೆಯುತ್ತಿದ್ದವು. ಎಳ್ಳಮಾವಾಸ್ಯೆಯ ದಿನ ಹೊಲದಲ್ಲೆಲ್ಲ ಚರಗ ಚೆಲ್ಲಿದ ಮೇಲೆ ಕೊನೆಯ ಹಿಡಿಯನ್ನು ಅಲ್ಲಿಗೆ ಹಾಕಿ ಕೈ ಮುಗಿಯುತ್ತಿದ್ದರು. ಯಾಕೆಂದು ಕೇಳಿದರೆ, “ಅಲ್ಲಿ ಹಿರೇರು ಮಲಗ್ಯಾರಪ್ಪ, ಎಬ್ಬಸಬಾರದು” ಎನ್ನುತ್ತಿದ್ದರು. ಅಕ್ಷರ ಬಾರದ ಅವರಿಗೆ ಇಷ್ಟು ಮಾತ್ರ ಗೊತ್ತಿತ್ತು.

1960ರ ದಶಕದಲ್ಲಿ ನಮ್ಮ ಭಾಗಕ್ಕೆ ಕಾಲುವೆಯ ನೀರು ಬಂತು. ಜೋಳ, ಹತ್ತಿ ಬೆಳೆಯುತ್ತಿದ್ದ ಹೊಲಗಳನ್ನು ಭತ್ತಕ್ಕಾಗಿ ಮಟ್ಟ ಮಾಡಿ ಮಡಿ ಕಟ್ಟುವ ಕೆಲಸ ಎಲ್ಲೆಡೆ ನಡೆಯಿತು. ನಮ್ಮ ಹೊಲಕ್ಕೂ ಬುಲ್ಡೋಜರು ಬಂದಿತು. ತಂದೆಯವರು ಆ ಮೂಲೆಯ ವಿಷಯದಲ್ಲಿ ಹಿಂದೆಮುಂದೆ ನೋಡುತ್ತಿದ್ದರು. ತಾತನವರು ಬೇಡವೇ ಬೇಡವೆಂದರು. ಆಗ ಮೆಟ್ರಿಕ್ ಓದುತ್ತ ಊರಿಗೆ ರಜೆಗೆ ಬಂದಿದ್ದ ನಾನು ಮುಂದೆ ಬಂದು, ಇದೆಲ್ಲ ಮೂಢನಂಬಿಕೆಯೆಂದೂ, ಕಲ್ಲಿಗೆ ಹೆದರಿ ನಾಲ್ಕು ಚೀಲ ಭತ್ತ ಕಳೆದುಕೊಳ್ಳುವುದು ಅಜ್ಞಾನವೆಂದೂ ಎಲ್ಲರೆದುರು ಭಾಷಣ ಮಾಡಿದೆ. ತಾತನವರು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿ, “ನೀ ಓದಿದವ. ನೀ ಹೇಳಿದ್ದ ಖರೆ ಇರಬೇಕು” ಎಂದು ಪಕ್ಕಕ್ಕೆ ಸರಿದರು.

ಅರ್ಧ ದಿನದಲ್ಲಿ ಕೆಲಸ ಮುಗಿಯಿತು. ಕಲ್ಲುಗಳು ಬದುವಿಗೆ ಹೋದವು. ನಡುವಿನ ಮಣ್ಣಿನಲ್ಲಿ ಒಡೆದ ಗಡಿಗೆಗಳು ಎದ್ದವು. ಒಳಮೈ ಕಪ್ಪು, ಹೊರಮೈ ಕೆಂಪು, ಎಣ್ಣೆ ಸವರಿದಂಥ ನುಣುಪು. ತುಕ್ಕು ತಿಂದ ಕಬ್ಬಿಣದ ತುಂಡುಗಳೂ ಕೆಲವು ಎಲುಬುಗಳೂ ಇದ್ದವು. ಹೊನ್ನು ಸಿಕ್ಕೀತೆಂದು ಸುತ್ತುಗಟ್ಟಿದ ಜನ ಇದನ್ನು ಕಂಡು ಚದುರಿದರು. ಸಂಜೆ ತಾತನವರು ಒಬ್ಬರೇ ಬಂದು, ಸಿಕ್ಕಷ್ಟು ಎಲುಬು ಬೋಕಿಗಳನ್ನು ತಮ್ಮ ಹೆಗಲ ವಸ್ತ್ರದಲ್ಲಿ ಕಟ್ಟಿ, ಬದುವಿನ ಬೇವಿನ ಗಿಡದ ಕೆಳಗೆ ಗುಂಡಿ ತೆಗೆದು ಹೂಳಿದರು. ನನ್ನನ್ನು ಕರೆಯಲಿಲ್ಲ, ಒಂದು ಮಾತೂ ಆಡಲಿಲ್ಲ.

ಮುಂದೆ ಪದವಿ ತರಗತಿಯಲ್ಲಿ ಇತಿಹಾಸವನ್ನು ಆರಿಸಿಕೊಂಡೆ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ನಡೆಸಿದ ಉತ್ಖನನದ ಪಾಠ ಬಂದಿತು. ಗುಂಡುಗಲ್ಲಿನ ವೃತ್ತ, ನಡುವೆ ಸಮಾಧಿ, ಅದರಲ್ಲಿ ಕಪ್ಪು-ಕೆಂಪು ಮಡಿಕೆಗಳು, ಕಬ್ಬಿಣದ ಆಯುಧಗಳು, ಆಯ್ದಿಟ್ಟ ಎಲುಬುಗಳು. ಗ್ರಂಥಾಲಯದಲ್ಲಿ ಆ ನಕ್ಷೆಯನ್ನು ಕಂಡೊಡನೆ ನನ್ನ ಕೈ ತಣ್ಣಗಾಯಿತು. ಅಜ್ಞಾನಿ ಯಾರಾಗಿದ್ದರೆಂಬುದು ಆ ದಿನ ತಿಳಿಯಿತು. ಆಮೇಲೆ ಮೂವತ್ತು ವರ್ಷಕ್ಕೂ ಮಿಗಿಲಾಗಿ ಮಕ್ಕಳಿಗೆ ಬ್ರಹ್ಮಗಿರಿಯ ಪಾಠ ಹೇಳಿದೆ. ನಮ್ಮ ಹೊಲದ ಪಾಠವನ್ನು ಹೇಳಲಿಲ್ಲ. ನಾಚಿಕೆ ಅಡ್ಡ ಬಂದಿತು. ನಾನು ಪದವಿ ಮುಗಿಸುವ ಮೊದಲೇ ತಾತನವರು ಲಿಂಗೈಕ್ಯರಾಗಿದ್ದರು. ಕ್ಷಮೆ ಕೇಳುವ ಅವಕಾಶ ದೊರೆಯಲಿಲ್ಲ. ಅವರ ಇಚ್ಛೆಯಂತೆ ಅದೇ ಬೇವಿನ ಗಿಡದ ಬಳಿಯಲ್ಲೇ ಅವರ ಸಮಾಧಿಯಾಯಿತು.

ನಮ್ಮ ಸಂಪ್ರದಾಯದಲ್ಲಿ ಶರೀರವನ್ನು ಸುಡುವುದಿಲ್ಲ. ವಿಭೂತಿ ಧರಿಸಿ, ಎಡ ಅಂಗೈಯಲ್ಲಿ ಇಷ್ಟಲಿಂಗವನ್ನಿಟ್ಟು, ಧ್ಯಾನಕ್ಕೆ ಕುಳಿತ ಭಂಗಿಯಲ್ಲಿ, ಪತ್ರಿ ಪುಷ್ಪಗಳೊಡನೆ ಮಣ್ಣಿಗೊಪ್ಪಿಸುತ್ತೇವೆ. ಹಿರೇಬೆಣಕಲ್ಲಿನವರ ಆಚಾರಕ್ಕೂ ನಮ್ಮ ಆಚಾರಕ್ಕೂ ಸಂಬಂಧ ಕಲ್ಪಿಸುವ ಸಾಹಸವನ್ನು ನಾನು ಮಾಡಲಾರೆ. ನಡುವೆ ಶತಮಾನಗಳೇ ಉರುಳಿವೆ. ಅವರ ದೇವರು ಯಾರೆಂಬುದೂ ನಮಗೆ ತಿಳಿಯದು. ಆದರೆ ಮಠದ ಗದ್ದುಗೆಯ ಮುಂದೆ ತಲೆಬಾಗುವ ನಾವು, ಸತ್ತವರಿಗಾಗಿ ಬಂಡೆಯನ್ನೆಬ್ಬಿಸಿ ಬೆಟ್ಟದ ಮೇಲೆ ಮನೆ ಕಟ್ಟಿದವರ ಮನಸ್ಸನ್ನು ಅರಿಯದಷ್ಟು ದೂರದವರಲ್ಲ. ತಾತನವರು ಆ ಎಲುಬುಗಳ ಕುಲವನ್ನು ಕೇಳಲಿಲ್ಲ. ಹಿರಿಯರೆಂದರು, ತಮ್ಮ ವಸ್ತ್ರವನ್ನು ಹಾಸಿದರು.

ಬೆಟ್ಟವಿಳಿಯುವಾಗ ಕೆಲವು ಮನೆಗಳ ಚಪ್ಪಡಿಗಳು ಮುರಿದು ಬಿದ್ದುದನ್ನು ಕಂಡೆವು. ನಿಧಿಯಾಸೆಗೆ ಅಗೆಯುವವರು ಒಂದು ಕಡೆ, ಕಲ್ಲು ಒಡೆಯುವವರು ಇನ್ನೊಂದು ಕಡೆ, ಹೊಲ ಮಟ್ಟ ಮಾಡುವವರು ಮತ್ತೊಂದು ಕಡೆ ಇಂಥ ಎಷ್ಟೋ ನೆಲೆಗಳನ್ನು ನಾಶ ಮಾಡಿದ್ದಾರೆ. ಆ ಮೂರನೆಯ ಗುಂಪಿನಲ್ಲಿ ನನ್ನ ಹೆಸರೂ ಇದೆ. ನೀರಾವರಿಯಿಂದ ನಮ್ಮ ಮನೆಗಳಲ್ಲಿ ಅನ್ನವಾಯಿತು. ಆ ಉಪಕಾರವನ್ನು ಮರೆಯಲಾಗದು. ಆದರೆ ಒಂದು ಮೂಲೆಯನ್ನು ಬಿಟ್ಟಿದ್ದರೆ ಅನ್ನಕ್ಕೇನೂ ಕೊರತೆಯಾಗುತ್ತಿರಲಿಲ್ಲ.

ಆದುದರಿಂದ ಅಧ್ಯಾಪಕ ಬಂಧುಗಳಲ್ಲಿ ನನ್ನದೊಂದು ವಿನಂತಿ. ನಮ್ಮ ಶಾಲೆಗೆ ಹತ್ತಾರು ಹಳ್ಳಿಗಳ ಮಕ್ಕಳು ಬರುತ್ತಾರೆ. ತಮ್ಮ ಊರ ಹೊಲ, ಗುಡ್ಡಗಳಲ್ಲಿರುವ ಕಲ್ಲಿನ ಸುತ್ತು, ಬೂದಿದಿಬ್ಬ, ಹಳೆಯ ಶಾಸನಗಳನ್ನು ಹಿರಿಯರಿಂದ ಕೇಳಿ ಒಂದು ಪುಸ್ತಕದಲ್ಲಿ ಬರೆಯುವಂತೆ ಅವರಿಗೆ ಹೇಳಿರಿ. ಅಗೆಯುವುದು ಬೇಡ, ಮುಟ್ಟುವುದೂ ಬೇಡ; ಎಲ್ಲಿದೆಯೆಂದು ಬರೆದು ಪುರಾತತ್ತ್ವ ಇಲಾಖೆಗೆ ತಿಳಿಸಿದರೆ ಸಾಕು. ಹೊಲಗಳ ಒಡೆಯರಾದ ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ಅಂಥ ಮೂಲೆಯೊಂದನ್ನು ಕುಂಟೆಯಿಂದ ಉಳಿಸಿದರೆ ಅದೂ ವಿದ್ಯಾದಾನವೇ. ಮಕ್ಕಳಿಗೆ ವಿಜ್ಞಾನವನ್ನು ಕಲಿಸೋಣ, ಮೂಢನಂಬಿಕೆಯನ್ನು ಬಿಡಿಸೋಣ. ಆದರೆ ಹಿರಿಯರು ಒಂದನ್ನು ಮುಟ್ಟಬೇಡವೆಂದಾಗ, ಯಾಕೆಂದು ಎರಡು ಸಲ ಕೇಳುವ ತಾಳ್ಮೆಯನ್ನೂ ಕಲಿಸೋಣ.

ನಮ್ಮ ಹೊಲದ ಬದುವಿನಲ್ಲಿ ಆ ಗುಂಡುಗಲ್ಲುಗಳು ಈಗಲೂ ಇವೆ. ಈ ಎಳ್ಳಮಾವಾಸ್ಯೆಗೆ ಮೊಮ್ಮಕ್ಕಳನ್ನು ಕರೆದುಕೊಂಡು ಹೋಗಿ, ಚರಗದ ಕೊನೆಯ ಹಿಡಿಯನ್ನು ಬೇವಿನ ಗಿಡದ ಕೆಳಗೆ ಹಾಕಿ, ಇಲ್ಲಿ ಬರೆದುದನ್ನೆಲ್ಲ ಅವರಿಗೆ ಹೇಳಬೇಕೆಂದಿದ್ದೇನೆ.