ಎರಡು ರಾತ್ರಿ ಮುದ್ದೆ ಬಿಡಿಸಿದರೆ ಶುಗರ್ ಇಳಿಯುತ್ತಾ?

ನಮ್ಮದು ತಿಪಟೂರು ಕಡೆಯ ಹಳ್ಳಿ. ಕೊಬ್ಬರಿ ಮೂಟೆ ಎತ್ತೀ ಎತ್ತೀ ಅಪ್ಪನಿಗೆ ತೊಡೆಸಂದಿಯಲ್ಲಿ ಹರ್ನಿಯಾ ಆಗಿತ್ತು. ಆಪರೇಷನ್‌ಗೆ ದಿನವೂ ಗೊತ್ತಾಯಿತು. ಆದರೆ ಅವರಿಗೆ ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ. ‘ಶುಗರ್ ಜಾಸ್ತಿ ಇದ್ರೆ ವಾಪಸ್ ಕಳಿಸ್ತಾರೆ’ ಎಂದು ಊರಲ್ಲಿ ಎಲ್ಲರೂ ಹೆದರಿಸಿದರು. ನಾವು ಮೂವರು ಮಕ್ಕಳು ಸೇರಿ ಒಂದು ಉಪಾಯ ಮಾಡಿದೆವು.

ಎರಡು ರಾತ್ರಿ ಅಪ್ಪನಿಗೆ ಮುದ್ದೆ ಕೊಡಲಿಲ್ಲ. ಬರೀ ಮಜ್ಜಿಗೆ. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ರಕ್ತ ಕೊಟ್ಟಾಗ ಶುಗರ್ 138 ಬಂತು. ಗೆದ್ದೆವು ಅಂದುಕೊಂಡೆವು.

ಡಾಕ್ಟರ್ ಆ ಚೀಟಿ ಪಕ್ಕಕ್ಕಿಟ್ಟು ಇನ್ನೊಂದನ್ನು ಮುಂದಿಟ್ಟರು. ಎಚ್‌ಬಿಎ1ಸಿ 10.2. ಈ ಪರೀಕ್ಷೆ ಇವತ್ತಿನ ಶುಗರ್ ಹೇಳುವುದಲ್ಲ, ಹಿಂದಿನ ಎರಡು ಮೂರು ತಿಂಗಳ ಸರಾಸರಿ ಹೇಳುತ್ತದೆ. ನಮ್ಮ ಮಜ್ಜಿಗೆಯ ಆಟ ಅಲ್ಲಿ ನಡೆಯಲಿಲ್ಲ. ಆಪರೇಷನ್ ಮುಂದಕ್ಕೆ ಹೋಯಿತು.

ನಮಗೆ ಸಿಟ್ಟು ಬಂತು. ಬೆಂಗಳೂರಿನಿಂದ ತಮ್ಮ ರಜೆ ಹಾಕಿ ಬಂದಿದ್ದ, ಕಾರು ಬಾಡಿಗೆ ಹೋಗಿತ್ತು. ಡಾಕ್ಟರ್ ಸಮಾಧಾನವಾಗಿ ಹೇಳಿದರು. ಶುಗರ್ ಜಾಸ್ತಿ ಇದ್ದರೆ ಗಾಯ ಬೇಗ ಮಾಯುವುದಿಲ್ಲ, ಸೋಂಕಿನ ಜೊತೆ ಹೋರಾಡುವ ಬಿಳಿ ರಕ್ತಕಣಗಳೂ ಮಂಕಾಗುತ್ತವೆ. ಹರ್ನಿಯಾಗೆ ಒಳಗೆ ಜಾಲರಿ ಹಾಕುತ್ತಾರೆ. ಅಲ್ಲಿ ಕೀವಾದರೆ ಅದನ್ನು ತೆಗೆಯಲು ಮತ್ತೆ ಕೊಯ್ಯಬೇಕಾಗಬಹುದು. ಆದರೆ ಉಬ್ಬು ಒಳಗೆ ಹೋಗದೆ ಸಿಕ್ಕಿಕೊಂಡು, ನೋವು, ವಾಂತಿ ಶುರುವಾದರೆ ಶುಗರ್ ಎಷ್ಟೇ ಇರಲಿ, ಅದೇ ರಾತ್ರಿ ಬನ್ನಿ ಎಂದರು.

ಇನ್ಸುಲಿನ್ ಬರೆದುಕೊಟ್ಟರು. ‘ಒಂದ್ಸಲ ಸೂಜಿ ಚುಚ್ಚಿಸ್ಕೊಂಡ್ರೆ ಸಾಯೋವರೆಗೂ ಬಿಡಂಗಿಲ್ಲ’ ಎಂದು ಅಪ್ಪ ಹಟ ಹಿಡಿದರು. ಉಪಕೇಂದ್ರದ ನರ್ಸಮ್ಮ ಮನೆಗೇ ಬಂದು, ಆಪರೇಷನ್ ಮುಗಿದು ಗಾಯ ಮಾಯ್ದ ಮೇಲೆ ಮತ್ತೆ ಮಾತ್ರೆಗೆ ಬಂದವರೂ ಇದ್ದಾರೆ ಎಂದು ಹೇಳಿ ಒಪ್ಪಿಸಿದರು. ಮನೆಯಲ್ಲಿ ಫ್ರಿಜ್ ಇಲ್ಲ. ಮಡಕೆಗೆ ಒದ್ದೆ ಮರಳು ತುಂಬಿ, ಡಬ್ಬಿಯಲ್ಲಿ ಔಷಧಿ ಇಟ್ಟು, ನೆರಳಲ್ಲಿ ಕಾಪಾಡಿದೆವು.

ಆಗಲೇ ನಮ್ಮ ತಪ್ಪುಗಳು ಒಂದೊಂದಾಗಿ ಕಂಡವು. ರಾಗಿ ಒಳ್ಳೆಯದು ಅಂತ ಎರಡು ಮುದ್ದೆ ಇಡುತ್ತಿದ್ದೆವು. ರಾಗಿಯಲ್ಲೂ ಪಿಷ್ಟ ಇದೆ. ಸಕ್ಕರೆ ಬೇಡ ಅಂತ ಕಾಫಿಗೆ ಬೆಲ್ಲ ಹಾಕುತ್ತಿದ್ದೆವು. ಅದೂ ರಕ್ತದಲ್ಲಿ ಸಕ್ಕರೆಯೇ. ಒಂದು ಚಿಕ್ಕ ಮುದ್ದೆ, ಜೊತೆಗೆ ಸೊಪ್ಪು, ಕಾಳು ಜಾಸ್ತಿ ಮಾಡಿದೆವು. ಊಟ ಬಿಡಿಸಲಿಲ್ಲ, ಹೊತ್ತು ತಪ್ಪಿಸಲಿಲ್ಲ. ದಿನದ ಲೆಕ್ಕ ಕ್ಯಾಲೆಂಡರ್ ಮೇಲೆಯೇ ಬರೆದೆವು. ಒಂದು ಮಧ್ಯಾಹ್ನ ತೋಟದಲ್ಲಿ ಊಟ ತಡವಾಗಿ ಅಪ್ಪ ಬೆವತು ನಡುಗಿದರು. ನೋಡಿದರೆ 62. ತಕ್ಷಣ ಮೂರು ಚಮಚ ಸಕ್ಕರೆ ನೀರಿಗೆ ಕದಡಿ ಕುಡಿಸಿದೆವು. ಕಾಲು ಗಂಟೆಯಲ್ಲಿ ಸರಿಹೋದರು. ಎರಡು ರಾತ್ರಿ ಉಪವಾಸ ಕೆಡವಿದಾಗಲೇ ಹೀಗಾಗಿದ್ದರೆ ಎಂದು ನೆನೆದು ನಮಗೆ ನಡುಕ ಬಂತು.

ಎರಡೂವರೆ ತಿಂಗಳಿಗೆ ಎಚ್‌ಬಿಎ1ಸಿ 7.8ಕ್ಕೆ ಇಳಿಯಿತು. ಹೊಸ ದಿನ ಕೊಟ್ಟರು. ‘ನುಂಗೋ ಮಾತ್ರೆ ಎಲ್ಲ ತಂದು ತೋರ್ಸಿ’ ಎಂದರು ಅರಿವಳಿಕೆ ಡಾಕ್ಟರ್. ಅಪ್ಪನ ಕೈಚೀಲದಲ್ಲಿ ಬೇರೆ ಕ್ಲಿನಿಕ್ಕಿನವರು ಕೊಟ್ಟಿದ್ದ ಡಾಪಾಗ್ಲಿಫ್ಲೋಜಿನ್ ಪಟ್ಟಿ ಸಿಕ್ಕಿತು. ನಾವು ಯಾರೂ ಅದನ್ನು ಹೇಳಿರಲಿಲ್ಲ. ಈ ಮಾತ್ರೆಯನ್ನು ಆಪರೇಷನ್‌ಗೆ ಮೂರು ದಿನ ಮೊದಲೇ ನಿಲ್ಲಿಸಬೇಕಂತೆ. ಇಲ್ಲದಿದ್ದರೆ ಶುಗರ್ ಸರಿಯಿದ್ದಂತೆ ಕಂಡರೂ ರಕ್ತದಲ್ಲಿ ಆಮ್ಲ ಏರಿ ಜೀವಕ್ಕೆ ಕುತ್ತಾಗಬಹುದು. ಮೆಟ್‌ಫಾರ್ಮಿನ್ ಆ ದಿನ ಬೆಳಗ್ಗೆ ಬೇಡ ಎಂದರು. ಹಿಂದಿನ ರಾತ್ರಿಯ ಇನ್ಸುಲಿನ್ ನಿಲ್ಲಿಸಲಿಲ್ಲ, ಪ್ರಮಾಣ ಮಾತ್ರ ಇಳಿಸಿದರು. ಇದು ಅಪ್ಪನ ಲೆಕ್ಕ. ನಿಮ್ಮವರ ಲೆಕ್ಕ ನಿಮ್ಮ ಡಾಕ್ಟರನ್ನೇ ಕೇಳಬೇಕು.

ಸಕ್ಕರೆ ಕಾಯಿಲೆಯವರು ಬಹಳ ಹೊತ್ತು ಹಸಿದಿರಬಾರದು ಎಂದು ಅಪ್ಪನನ್ನೇ ಮೊದಲು ಒಳಗೆ ಕರೆದರು. ಆಗ ಶುಗರ್ 156. ಗಾಯ ಕೀವಾಗದೆ ಮಾಯಿತು.

ನಿಮ್ಮ ಮನೆಯಲ್ಲೂ ಯಾರಿಗಾದರೂ ಆಪರೇಷನ್ ಇದ್ದರೆ, ದಿನ ಗೊತ್ತಾದ ಕೂಡಲೇ ಶುಗರ್ ಕಡೆ ಗಮನ ಕೊಡಿ. ಮಾತ್ರೆ ಪಟ್ಟಿಗಳನ್ನೆಲ್ಲ ಒಂದೇ ಚೀಲಕ್ಕೆ ಹಾಕಿಕೊಂಡು ಹೋಗಿ. ಮುಚ್ಚಿಟ್ಟು ಡಾಕ್ಟರನ್ನು ಗೆಲ್ಲಲು ಹೋಗಿ ನಾವು ಅಪ್ಪನನ್ನೇ ಕಳೆದುಕೊಳ್ಳುತ್ತಿದ್ದೆವೇನೋ.

ಹೋದ ವಾರ ಊರಿಗೆ ಹೋದಾಗ ನೋಡಿದೆವು. ಗೋಡೆಯ ಮೇಲೆ ಹೊಸ ಕ್ಯಾಲೆಂಡರ್ ಇತ್ತು. ಅದರ ಮೇಲೂ ಅಪ್ಪ ತಮ್ಮದೇ ಕೈಬರಹದಲ್ಲಿ ಶುಗರ್ ಬರೆದಿದ್ದರು.