ಆರದ ನೆಲ

ಅಮ್ಮ ಬರೋಕೆ ಎಂಟೇ ದಿನ ಉಳಿದಿತ್ತು. ಅವಳಿಗೆ ಉಬ್ಬಸ ಬೇರೆ. ಮಿಷಿಗನ್ನಿನ ನಮ್ಮ ಹಳೇ ಮನೆಯ ಓಕ್ ನೆಲವನ್ನ ಉಜ್ಜಿ, ಆಯಿಲ್ ಬೇಸ್ಡ್ ಪಾಲಿಯುರಿಥೇನ್ ನಾನೇ ಬಳಿದಿದ್ದೆ. ದುಡ್ಡು ಉಳಿಸೋ ಆಸೆ ನೋಡಿ! ಮೂರು ದಿನ ಆದ್ರೂ ಅಂಟು ಅಂಟು, ಮನೆ ತುಂಬಾ ವಾಸನೆ.

ಇನ್ನೊಂದು ಕೋಟ್ ಹೊಡೆದ್ರೆ ಸರಿಹೋಗತ್ತೆ ಅಂತ ಡಬ್ಬ ತೆಗೀತಿದ್ದೆ, ಅಮ್ಮನ ಫೋನ್ ಬಂತು. "ದಪ್ಪಗೆ ಇಟ್ಟ ಸಂಡಿಗೆ ಥರ ಆಗಿದೆ ಕಣೋ. ಮೇಲೆ ಪೊರೆ ಕಟ್ಟಿದೆ, ಒಳಗಿನ್ನೂ ಹಸಿ" ಅಂದ್ಲು.

ನಿಜವೇ. ಇದು ಬರೀ ಆರಿದ್ರೆ ಸಾಲದು, ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗಬೇಕು. ನಾನೋ, ನವೆಂಬರ್ ಚಳಿಗೆ ಕಿಟಕಿ ಮುಚ್ಚಿ, ಮೊದಲ ಕೋಟ್ ಆರೋ ಮೊದಲೇ ಎರಡನೇದನ್ನ ದಪ್ಪಗೆ ಬಳಿದಿದ್ದೆ.

ಡಬ್ಬ ಮುಚ್ಚಿಟ್ಟೆ. ಹೀಟರ್ 70 ಡಿಗ್ರಿ ಫ್ಯಾರನ್‌ಹೀಟಿಗೆ ಇಟ್ಟು, ಕಿಟಕಿ ಕೊಂಚ ತೆರೆದು, ಎರಡು ದಿನ ಕಾದೆ. ನಡುವೆಲ್ಲ ಆರಿತು. ಮೂಲೆಗಳು ಜಪ್ಪಯ್ಯ ಅಂದ್ರೂ ಆರಲಿಲ್ಲ. ಅಲ್ಲಿ ಕೆರೆದು ತೆಗೆದು, ಮಿನರಲ್ ಸ್ಪಿರಿಟ್ಸ್‌ನಲ್ಲಿ ಒರೆಸಿ, ಅದು ಆರಿದ ಮೇಲೆ ಸ್ಯಾಂಡ್ ಪೇಪರ್ ಉಜ್ಜಿ, ತೆಳುವಾಗಿ ಒಂದು ಕೋಟ್ ಕೊಟ್ಟೆ. (ಒರೆಸಿದ ಬಟ್ಟೆ ಮುದ್ದೆ ಮಾಡಿ ಬಿಸಾಡಬೇಡಿ, ತಾನಾಗೇ ಹೊತ್ತಿಕೊಳ್ಳಬಹುದು. ಹೊರಗೆ ಹರಡಿ ಒಣಗಿಸಿ.)

ವಾಸನೆ ಮಾತ್ರ ಹೋಗಿರಲಿಲ್ಲ. ಏರ್‌ಪೋರ್ಟಿಂದ ಅಮ್ಮನನ್ನ ನೇರ ಗೆಳೆಯನ ಮನೆಗೆ ಕರ್ಕೊಂಡು ಹೋದೆ. ನಾಚಿಕೆ ಆಗಿತ್ತು. ಅವಳೇನೂ ಅನ್ನಲಿಲ್ಲ.

ಐದನೇ ದಿನ ಬಂದು, ಬರಿಗಾಲಲ್ಲಿ ಮೂಲೆವರೆಗೂ ನಡೆದು, ಹೆಬ್ಬೆರಳು ಒತ್ತಿ ನೋಡಿದ್ಲು.

"ಹ್ಞೂಂ, ಈಗ ಡಬ್ಬಿಗೆ ತುಂಬಬಹುದು."