ಓಗೊಡುವ ಮೀನು

ಹುಣಸೂರಿನ ಹತ್ತಿರ, ಟಿಬೆಟನ್ ಕ್ಯಾಂಪಿರುವ ಗುರುಪುರದಲ್ಲಿ ನಾನು ಬೆಳೆದದ್ದು. ಹೊತ್ತು ಮುಳುಗಿತೆಂದರೆ ಅವ್ವ ಜಗಲಿಯ ಮೇಲೆ ನಿಂತು ನಮ್ಮ ಹೆಸರು ಹಿಡಿದು ಕೂಗುತ್ತಿದ್ದಳು. ಹಿತ್ತಲಿಂದಲೋ ಕೆರೆ ಏರಿಯಿಂದಲೋ ನಾವು 'ಓ' ಎನ್ನಬೇಕು. ಆ 'ಓ' ಯಾವ ಕಡೆಯಿಂದ, ಎಷ್ಟು ತಡವಾಗಿ ಬಂತು ಎನ್ನುವುದರಲ್ಲೇ ನಮ್ಮ ಕಿತಾಪತಿಯೆಲ್ಲ ಅವಳಿಗೆ ತಿಳಿದುಹೋಗುತ್ತಿತ್ತು.

ಅಕ್ಕನ ಮಗನಿಗೆ ಮಲ್ಪೆಯಲ್ಲಿ ಕೆಲಸ. ಮೀನು ಹುಡುಕುವ ಯಂತ್ರವನ್ನು ಬೋಟುಗಳಿಗೆ ಕೂರಿಸುತ್ತಾನೆ. ಹೋದ ಸಲ ಬಂದಾಗ, "ನೀರೊಳಗಿನ ಮೀನು ನಿನಗೆ ಹೇಗಪ್ಪಾ ಕಾಣುತ್ತೆ?" ಎಂದು ಕೇಳಿದೆ.

"ಕಾಣಲ್ಲ ಚಿಕ್ಕಮ್ಮ, ಕೇಳುತ್ತೆ" ಎಂದ. ಬೋಟಿನ ತಳದಿಂದ ಯಂತ್ರ ನೀರಿಗೆ ಒಂದು ಸದ್ದು ಬಿಡುತ್ತದೆ. ನೀರಿನಲ್ಲಿ ಸದ್ದು ಸೆಕೆಂಡಿಗೆ ಸುಮಾರು 1,500 ಮೀಟರ್ ಓಡುತ್ತದಂತೆ. ಹೋದ ಸದ್ದು ಸೆಕೆಂಡಿನ ಹತ್ತನೇ ಒಂದು ಪಾಲಿನಲ್ಲಿ ಮರಳಿತೆಂದರೆ ಮೀನು 75 ಮೀಟರ್ ದೂರದಲ್ಲಿದೆ ಎಂದು ಲೆಕ್ಕ. ಬಹಳಷ್ಟು ಮೀನುಗಳ ಹೊಟ್ಟೆಯಲ್ಲಿ ಗಾಳಿಯ ಚೀಲವೊಂದಿದ್ದು, ಸದ್ದನ್ನು ಹೆಚ್ಚಾಗಿ ಹಿಂದಿರುಗಿಸುವುದು ಅದೇ. ಹಳೆಯ ಯಂತ್ರ ಬೋಟಿನ ಕೆಳಗಷ್ಟೇ ಕೂಗುತ್ತಿತ್ತು. ಈ ಮಲ್ಟಿಬೀಮ್ ಸೋನಾರ್ ಬೀಸಣಿಗೆಯ ಕಡ್ಡಿಗಳಂತೆ ಹಲವು ದಿಕ್ಕಿಗೆ ಒಟ್ಟಿಗೇ ಕೂಗಿ, ಮೀನಿನ ಹಿಂಡು ಎಷ್ಟು ಅಗಲ, ಎಷ್ಟು ಆಳದಲ್ಲಿದೆ ಎಂದು ಪರದೆಯ ಮೇಲೆ ಬಣ್ಣದಲ್ಲಿ ಬರೆಯುತ್ತದೆ. ಅದು ಬೂತಾಯಿಯೋ ಬಂಗುಡೆಯೋ ಎಂದು ಊಹಿಸಲು ಮಾತ್ರ ಪಳಗಿದ ತಾಂಡೇಲನೇ ಬೇಕು.

"ಅಂದರೆ ನಮ್ಮವ್ವ ಮಾಡುತ್ತಿದ್ದುದನ್ನೇ ಈಗ ನೀವು ಲಕ್ಷಗಟ್ಟಲೆ ದುಡ್ಡು ಕೊಟ್ಟು ಮಾಡುತ್ತಿದ್ದೀರಿ!" ಎಂದೆ. ಎಲ್ಲರೂ ನಕ್ಕೆವು. ಆದರೆ ಪಾಪದ ಮೀನಿಗೆ ತಾನು ಓಗೊಟ್ಟಿದ್ದೇ ಗೊತ್ತಿಲ್ಲವಲ್ಲ ಎನಿಸಿ, ತಟ್ಟೆಯಲ್ಲಿದ್ದ ತುಂಡನ್ನು ಒಂದು ಗಳಿಗೆ ಸುಮ್ಮನೆ ನೋಡಿದೆ. ಮಳೆಗಾಲದಲ್ಲಿ, ಜೂನ್ ಮತ್ತು ಜುಲೈ ತಿಂಗಳುಗಳಲ್ಲಿ, ಯಂತ್ರದ ಬೋಟುಗಳು ನಮ್ಮ ಕಡಲಿಗೆ ಇಳಿಯುವಂತಿಲ್ಲ. ಮೀನು ಮರಿ ಮಾಡಲು ಅಷ್ಟಾದರೂ ಬಿಡುವು ಇದೆಯಲ್ಲ ಎಂದು ಸಮಾಧಾನವಾಯಿತು.

ಅಕ್ಕ ಮಾತ್ರ ನಗಲಿಲ್ಲ. ಯಂತ್ರ ಪರೀಕ್ಷಿಸಲು ಮಗ ಆಗಾಗ ಬೋಟಿನಲ್ಲೇ ಹೋಗಬೇಕು. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ 'ಸುವರ್ಣ ತ್ರಿಭುಜ' ಬೋಟು ಏಳು ಮಂದಿಯೊಡನೆ ಕಾಣೆಯಾದದ್ದನ್ನು ಅವಳು ಮರೆತಿಲ್ಲ. ನೌಕಾಪಡೆ ಸೋನಾರಿನಿಂದ ಹುಡುಕಿ, 2019ರ ಮೇ ತಿಂಗಳಲ್ಲಿ ಮಹಾರಾಷ್ಟ್ರದ ಮಾಲ್ವಣದಾಚೆ ಕಡಲ ತಳದಲ್ಲಿ ಬೋಟಿನ ಅವಶೇಷವನ್ನು ಪತ್ತೆ ಮಾಡಿತು. ಕೂಗಿಗೆ ಓಗೊಟ್ಟದ್ದು ಬೋಟು. ಆ ಏಳು ಮಂದಿ ಮನೆಗೆ ಬರಲಿಲ್ಲ. ಅವರ ಮನೆಯ ಹೆಂಗಸರು ಎಷ್ಟು ಸಂಜೆ ಬಾಗಿಲಲ್ಲಿ ನಿಂತಿದ್ದರೋ!

ಅವನು ಮಲ್ಪೆಗೆ ಹೊರಟಾಗ ಅಕ್ಕ ಒಗ್ಗರಣೆ ಕೊಟ್ಟ ಅವಲಕ್ಕಿ ಕಟ್ಟಿಕೊಟ್ಟು, "ದಡಕ್ಕೆ ಬಂದ ತಕ್ಷಣ ಫೋನು ಮಾಡು" ಎಂದಳು. ಮೂರನೆಯ ದಿನ ಸಂಜೆ ನಾನು ಅವಳ ಮನೆಯಲ್ಲೇ ಇದ್ದೆ. ದೀಪ ಹಚ್ಚುವ ಹೊತ್ತಿಗೆ ಫೋನು ಬಂತು. ಅಕ್ಕ ಅವನ ಹೆಸರು ಹಿಡಿದು ಕೂಗಿದಳು. ಆ ಕಡೆಯಿಂದ, "ಓ, ಹೇಳವ್ವ" ಎಂದ.

ಹೇಳುವುದಕ್ಕೆ ಅವಳ ಬಳಿ ಏನೂ ಇರಲಿಲ್ಲ.